ಸೀರೀಸ್ 7 ಫಿಲ್ಟರ್, ಕೋಕಿನ್ ಪಿ ಹೋಲ್ಡರ್, ಥ್ರೆಡ್ ಲೆನ್ಸ್: ಜೋಡಿಸುವ ಅಡಾಪ್ಟರ್ ಮನೆಯಲ್ಲೇ ಮಾಡಿದವರು ಹೇಳಿ

ನನ್ನ ಹತ್ತಿರ 52, 67, 77 ಮಿ.ಮೀ. ಥ್ರೆಡ್ಡಿನ ಮೂರು ಲೆನ್ಸ್ ಇವೆ. ಥ್ರೆಡ್ಡೇ ಇಲ್ಲದ ಹಳೆಯ ಸೀರೀಸ್ 7 ಫಿಲ್ಟರ್‌ಗಳು (ಹಳದಿ, ಕೆಂಪು), ಒಂದು ಕೋಕಿನ್ ಪಿ ಹೋಲ್ಡರ್ (ಚಪ್ಪಟೆ ಫಿಲ್ಟರ್‌ಗಳನ್ನು ಸ್ಲಾಟಿಗೆ ತೂರಿಸುವ ಚೌಕಟ್ಟು), 67ರ ಸಿಪಿಎಲ್ (ತಿರುಗಿಸಿ ಹೊಂದಿಸುವ ಪೋಲರೈಸರ್ ಫಿಲ್ಟರ್), ಬೇ 1 ಬಯೊನೆಟ್ಟಿನ (ಥ್ರೆಡ್ ಇಲ್ಲದೆ ಸಿಕ್ಕಿಸಿ ತಿರುಗಿಸುವ ಜೋಡಣೆ) ಎರಡು ಲೆನ್ಸಿನ ಫಿಲ್ಮ್ ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ ಕೂಡ ಇವೆ. ಇವನ್ನೆಲ್ಲ ಒಂದಕ್ಕೊಂದು ಹೊಂದಿಸಬಹುದೇ? ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾಡಿಕೊಳ್ಳಬೇಕು?

ಉತ್ತರ: ಮೊದಲು ಕೊಳ್ಳುವುದರ ಬಗ್ಗೆ

52–77, 67–77 ಸ್ಟೆಪ್-ಅಪ್ ರಿಂಗ್ (ಸಣ್ಣ ಥ್ರೆಡ್ಡಿನ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಅಂಗಡಿಯಲ್ಲೇ ಸಿಗುತ್ತವೆ, ಅವನ್ನು ಮಾಡಲು ಹೋಗಬೇಡಿ. ಈ ಅಳತೆಗಳ ಥ್ರೆಡ್ಡಿಗೆ ಸಾಮಾನ್ಯವಾಗಿ 0.75 ಮಿ.ಮೀ. ಪಿಚ್ (ಒಂದು ಎಳೆಯಿಂದ ಮುಂದಿನ ಎಳೆಗಿರುವ ಅಂತರ). ಮನೆಯಲ್ಲಿ ಅಷ್ಟು ಸಣ್ಣ ಥ್ರೆಡ್ ಕೊರೆಯುವುದು ಆಗದ ಮಾತು. 3ಡಿ ಪ್ರಿಂಟ್ ಮಾಡಿದರೆ ನಾಲ್ಕು ಸಲ ಹಾಕಿ ತೆಗೆಯುವಷ್ಟರಲ್ಲಿ ಸವೆಯುತ್ತದೆ, ಆಮೇಲೆ ಅಡ್ಡ ಥ್ರೆಡ್ ಹತ್ತಿ ಲೆನ್ಸಿನ ಥ್ರೆಡ್ಡನ್ನೂ ಹಾಳು ಮಾಡಬಹುದು. ಲೆನ್ಸಿಗೆ ಕೂರುವ ಭಾಗ ಯಾವಾಗಲೂ ಲೋಹದ್ದೇ ಇರಲಿ. ಹಳೆಯ ಯುವಿ ಫಿಲ್ಟರಿನ ಗಾಜು ತೆಗೆದರೆ ಒಳ್ಳೆಯ ಥ್ರೆಡ್ಡಿನ ರಿಂಗ್ ಸಿಕ್ಕಿತು. ಗಾಜನ್ನು ಹಿಡಿದಿರುವ ಒಳಬಳೆಯಲ್ಲಿ ಎದುರುಬದುರು ಎರಡು ಕಚ್ಚು ಇದ್ದರೆ ಕೈವಾರದ ಮೊನೆ ಇಟ್ಟು ತಿರುಗಿಸಿ ಬಿಚ್ಚಿ. ಬರೀ ತಂತಿಬಳೆ ಆಗಿದ್ದರೆ ಅದರ ತುದಿಯನ್ನು ಪಿನ್ನಿನಿಂದ ಎಬ್ಬಿಸಿದರೆ ಸಾಕು.

ಸೀರೀಸ್ 7ಕ್ಕೆ ಅಂಟೇ ಬೇಡ

ಈ ಫಿಲ್ಟರಿನ ಹೊರವ್ಯಾಸ 50.8 ಮಿ.ಮೀ., ಅಂದರೆ ಸರಿಯಾಗಿ ಎರಡು ಇಂಚು. ಒಂದು 52–55 ಸ್ಟೆಪ್-ಅಪ್ ರಿಂಗ್ ತಗೊಳ್ಳಿ, ಅದರ 55ರ ಬಾಯೊಳಗೆ ಫಿಲ್ಟರ್ ಇಳಿಯುತ್ತದೆ. ಕೆಳಗಿನ ತೂತಿನ ಅಂಚಿನ ಮೇಲೆ ಅದು ಕೂರಬೇಕಾದರೆ ತೂತು 50 ಮಿ.ಮೀ. ಒಳಗೇ ಇರಬೇಕು. ಕೊಳ್ಳುವಾಗಲೇ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ನೋಡಿ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಸುತ್ತಲೂ ಉಳಿಯುವ ಸಂದಿಗೆ ಒಂದೂವರೆ ಮಿ.ಮೀ. ದಪ್ಪದ ಕಪ್ಪು ಫೋಮ್ ಶೀಟಿನ ಪಟ್ಟಿ ಸುತ್ತಿದರೆ ಫಿಲ್ಟರ್ ನಡುವಿಗೆ ಬರುತ್ತದೆ. ಮೇಲಿಂದ ಗಾಜು ತೆಗೆದ 55ರ ರಿಂಗ್ ತಿರುಗಿಸಿ ಅದುಮಿ. ಆಗಲೂ ಅಲ್ಲಾಡಿದರೆ ಅದೇ ಫೋಮಿನಿಂದ ವಾಷರ್ ಕತ್ತರಿಸಿ ನಡುವೆ ಇಡಿ. ಬಿಗಿ ಮಾಡುವುದು ಬೆರಳ ತುದಿಯ ಬಲದಲ್ಲಷ್ಟೇ. ಜಾಸ್ತಿ ಅದುಮಿದರೆ ಹಳೆಯ ಗಾಜಿನ ಅಂಚು ಚಕ್ಕೆ ಏಳುತ್ತದೆ.

ಇದು ನಿಮ್ಮ 52ರ ಲೆನ್ಸಿಗೆ ಮಾತ್ರ. 77ರ ಲೆನ್ಸಿಗೆ ಸ್ಟೆಪ್-ಡೌನ್ ರಿಂಗ್ (ದೊಡ್ಡ ಥ್ರೆಡ್ಡಿಗೆ ಸಣ್ಣ ಫಿಲ್ಟರ್ ಕೂರಿಸುವುದು) ಹಾಕಿ ಇದನ್ನು ಕೂರಿಸಿದರೆ ಮೂಲೆಗಳು ಕಪ್ಪಾಗುತ್ತವೆ.

ಕೋಕಿನ್ ಪಿ ಹೋಲ್ಡರಿನಲ್ಲಿ 67ರ ಸಿಪಿಎಲ್

ದುಂಡು ಎನ್‌ಡಿ (ಬೆಳಕು ತಗ್ಗಿಸುವ ಬೂದು ಫಿಲ್ಟರ್) ಹಾಕಲು ಏನೂ ಮಾಡಬೇಕಾಗಿಲ್ಲ, ಮೊದಲು ಲೆನ್ಸಿಗೆ ಫಿಲ್ಟರ್, ಅದರ ಮೇಲೆ ಹೋಲ್ಡರನ್ನು ಹಿಡಿಯುವ ಪಿ ರಿಂಗ್. ಸಿಪಿಎಲ್ ಹಾಗೆ ಹಾಕಿದರೆ ಮಾತ್ರ ಅದನ್ನು ತಿರುಗಿಸಿದಾಗೆಲ್ಲ ಹೋಲ್ಡರೂ, ಅದರಲ್ಲಿರುವ ಗ್ರಾಜುಯೇಟೆಡ್ (ಅರ್ಧ ಕಪ್ಪು, ಅರ್ಧ ತಿಳಿ) ಫಿಲ್ಟರೂ ಓರೆಯಾಗುತ್ತವೆ. ಅದಕ್ಕೇ ಸಿಪಿಎಲ್ ಹಿಡಿದು ಹೋಲ್ಡರಿನ ಸ್ಲಾಟಿಗೆ ಕೂರುವ ಒಂದು ತಟ್ಟೆ ಬೇಕಾಗುವುದು.

2 ಮಿ.ಮೀ. ದಪ್ಪದ ಹಾಳೆಯನ್ನು 84×100 ಮಿ.ಮೀ. ಅಳತೆಗೆ ಕತ್ತರಿಸಿ, ನಡುವೆ 67.2 ಮಿ.ಮೀ. ತೂತು. ಆಗ ಎರಡೂ ಪಕ್ಕ 8 ಮಿ.ಮೀ. ಚಿಲ್ಲರೆ ಅಂಚು ಉಳಿಯುತ್ತದೆ, ಸ್ಲಾಟಿಗೆ ಅದು ಸಾಕು. ಗಾಜು ತೆಗೆದ 67ರ ರಿಂಗಿನ ಹೊರಥ್ರೆಡ್ ತೂತಿನೊಳಗೆ ಇಳಿಯಲಿ, ಅದರ ಭುಜ ಹಾಳೆಯ ಮೇಲೆ ಕೂರಲಿ, ಅಲ್ಲಿ ಅಂಟಿಸಿ; ಸಿಪಿಎಲ್ ಈ ರಿಂಗಿಗೆ ತಿರುಗಿಸಿ ಹಾಕುವುದು. ಹಿಂದೆ ಥ್ರೆಡ್ ಕೂದಲೆಳೆಯಷ್ಟು ಹೊರಬಂದರೂ ಒಳಗಿನ ಸ್ಲಾಟಿನ ಫಿಲ್ಟರಿಗೆ ಗೀರು ಬೀಳುತ್ತದೆ. ಅರದಿಂದ ಉಜ್ಜಿ ಸಮ ಮಾಡಿ, ಆಮೇಲೆಯೇ ಅಂಟು. ಯಾವಾಗಲೂ ಹೊರಗಿನ ಸ್ಲಾಟಿನಲ್ಲೇ ಬಳಸಿ.

ಅಕ್ರಿಲಿಕ್ ಆದರೆ ಸೈನ್‌ಬೋರ್ಡ್ ಮಾಡುವವರ ಹತ್ತಿರ ಲೇಸರಿನಲ್ಲಿ ಕತ್ತರಿಸಿಕೊಡುತ್ತಾರೆ. ಒಂದು ಎಚ್ಚರಿಕೆ: ಕಣ್ಣಿಗೆ ಕಪ್ಪಾಗಿ ಕಂಡರೂ ಕೆಲವು ಅಕ್ರಿಲಿಕ್ ಇನ್‌ಫ್ರಾರೆಡ್ ಬೆಳಕನ್ನು ಬಿಡುತ್ತವೆ. ಟಿವಿ ರಿಮೋಟಿನ ಬಲ್ಬಿಗೆ ತುಂಡನ್ನು ಅಡ್ಡ ಹಿಡಿದು ಫೋನ್ ಕ್ಯಾಮೆರಾದಲ್ಲಿ ನೋಡಿ, ಮಿನುಗು ಕಂಡರೆ ಬೇಡ. ಹತ್ತು ಸ್ಟಾಪಿನ (ಒಂದೊಂದು ಸ್ಟಾಪಿಗೆ ಬೆಳಕು ಅರ್ಧಕ್ಕಿಳಿಯುತ್ತದೆ) ಎನ್‌ಡಿ ಜೊತೆ ಉದ್ದ ಎಕ್ಸ್‌ಪೋಶರ್ ಕೊಡುವವರಿಗೆ ಅಲ್ಯೂಮಿನಿಯಂ ಹಾಳೆಯೇ ಸರಿ.

ಅಂಟಿನ ವಿಷಯ: ಹೆಚ್ಚು ಕೆಡುವುದೇ ಇಲ್ಲಿ

ಎರಡು ಟ್ಯೂಬಿನ ಅರಾಲ್ಡೈಟ್, ಸಮಪಾಲು. ಐದು ನಿಮಿಷಕ್ಕೆ ಗಟ್ಟಿಯಾಗುವುದಕ್ಕಿಂತ ನಿಧಾನದ್ದು ಗಟ್ಟಿ, ಒಂದು ದಿನ ಮುಟ್ಟಬೇಡಿ. ರಿಂಗಿನ ಕಪ್ಪು ಲೇಪದ ಮೇಲೆ ಹಾಗೇ ಹಚ್ಚಿದರೆ ಒಂದು ತಟ್ಟಿಗೇ ಕಿತ್ತು ಬರುತ್ತದೆ. 220 ನಂಬರಿನ ಮರಳು ಕಾಗದದಲ್ಲಿ ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ. ಥ್ರೆಡ್ಡಿಗೆ ಮೊದಲೇ ಮೇಣದಬತ್ತಿ ತೀಡಿಬಿಡಿ. ಅಂಟು ಹರಿದು ಬಂದರೂ ಅಲ್ಲಿ ಹಿಡಿಯುವುದಿಲ್ಲ, ಒಣಗಿದ ಮೇಲೆ ಉಗುರಿನಲ್ಲೇ ಎದ್ದು ಬರುತ್ತದೆ. ಟೂತ್‌ಪಿಕ್ಕಿನ ತುದಿಯಲ್ಲಿ ಸಣ್ಣ ಗೆರೆ ಎಳೆದರೆ ಸಾಕು. ಸೂಪರ್‌ಗ್ಲೂ ಜಾತಿಯದನ್ನು ಗಾಜಿನ ಹತ್ತಿರ ತರಲೇಬೇಡಿ, ಅದರ ಆವಿ ಬಿಳಿ ಮಬ್ಬಾಗಿ ಗಾಜಿನ ಮೇಲೆ ಕೂರುತ್ತದೆ.

ಅಲ್ಯೂಮಿನಿಯಂ ರಿಂಗುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಥ್ರೆಡ್ಡಿಗೆ 6ಬಿ ಪೆನ್ಸಿಲ್ ಉಜ್ಜಿದರೆ ಸಲೀಸಾಗಿ ಬಿಚ್ಚುತ್ತವೆ.

ಯಾಶಿಕಾ ಮ್ಯಾಟ್‌ಗೆ

ಬೇ 1ರ ಕೆಟ್ಟ ಫಿಲ್ಟರ್ ಒಂದನ್ನು ಹುಡುಕಿ ಗಾಜು ತೆಗೆದು, ಅದರ ಮುಖಕ್ಕೆ ಥ್ರೆಡ್ ರಿಂಗ್ ಅಂಟಿಸಿ. ಎರಡು ಲೆನ್ಸಿನ ನಡುವಿನ ಜಾಗ ಅಳೆದೇ ರಿಂಗ್ ಆರಿಸಿ, ದೊಡ್ಡದಾದರೆ ಮೇಲಿನ ವ್ಯೂಯಿಂಗ್ ಲೆನ್ಸಿಗೆ ಅಡ್ಡ ಬರುತ್ತದೆ. ಈ ಕ್ಯಾಮೆರಾದ ಮೀಟರ್ ಲೆನ್ಸಿನ ಮೂಲಕ ಅಳೆಯುವುದಿಲ್ಲ, ಹಾಗಾಗಿ ಫಿಲ್ಟರಿನ ಲೆಕ್ಕ ನೀವೇ ಸೇರಿಸಬೇಕು: ನಂಬರ್ 8 ಹಳದಿಗೆ ಒಂದು ಸ್ಟಾಪ್, ನಂಬರ್ 25 ಕೆಂಪಿಗೆ ಮೂರು.

ಡಿಜಿಟಲ್ ಲೆನ್ಸಿಗೆ ಮಾಡಿದ ಜೋಡಣೆಗಳಿಂದ ಮೂಲೆ ಕಪ್ಪಾಗುತ್ತದೆಯೇ ಎಂದು ಬಿಳಿ ಗೋಡೆಯ ಮುಂದೆ ಪರೀಕ್ಷಿಸಿ. ಝೂಮ್ ಪೂರ್ತಿ ಅಗಲಕ್ಕೆ, ಫೋಕಸ್ ಅನಂತಕ್ಕೆ, ಅಪರ್ಚರ್ ಎಫ್16. ಎಫ್2.8ರಲ್ಲಿ ಮೂಲೆ ಮೆಲ್ಲಗೆ ಮಸುಕಾಗಿ ಕಾಣುವುದರಿಂದ ರಿಂಗಿನ ನೆರಳು ಗೊತ್ತೇ ಆಗುವುದಿಲ್ಲ. 16ರಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ.