ಮಗಳಿಗೆ ರಕ್ತ ಕಡಿಮೆ, ಅತ್ತೆಗೆ ಶುಗರ್. ಒಂದೇ ಅಡುಗೆಯಲ್ಲಿ ಐದು ಜನಕ್ಕೆ ಹೇಗೆ ಹೊಂದಿಸೋದು?

ಪ್ರಶ್ನೆ: ರಾಜಾಜಿನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಲ್ಲಿದ್ದೇವೆ. ಮನೆಯಲ್ಲಿ ಐದು ಜನ. ನಾನು, ಯಜಮಾನರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ನಮ್ಮ ಅತ್ತೆ. ಬೆಳಿಗ್ಗೆ ಎಂಟೂಕಾಲಿಗೆ ಮನೆ ಬಿಟ್ಟರೆ ನಾನು ವಾಪಸ್ ಬರೋದು ಸಂಜೆ ಆರೂವರೆಗೆ.

ಹೋದ ತಿಂಗಳು ಮಗಳಿಗೆ ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 10.2 ಬಂತು. ಅವಳ ವಯಸ್ಸಿಗೆ 11.5 ಆದರೂ ಇರಬೇಕಂತೆ. ಡಾಕ್ಟರ್ ಕಬ್ಬಿಣದ ಟಾನಿಕ್ ಬರೆದುಕೊಟ್ಟು, ಊಟದ ಕಡೆ ಸ್ವಲ್ಪ ಗಮನ ಕೊಡಿ ಅಂದರು. ಆವತ್ತು ರಾತ್ರಿ ಕೂತು, ಹಿಂದಿನ ಒಂದು ವಾರ ಏನೇನು ತಿಂದಿದ್ದೇವೆ ಅಂತ ಕ್ಯಾಲೆಂಡರ್ ಹಿಂದೆ ಬರೆದೆ. ತಿಂಡಿಗೆ ಇಡ್ಲಿ, ದೋಸೆ, ಚಿತ್ರಾನ್ನ, ಉಪ್ಪಿಟ್ಟು, ಮತ್ತೆ ದೋಸೆ. ಡಬ್ಬಿಗೆ ಅದೇ ಚಿತ್ರಾನ್ನ, ಇಲ್ಲಾಂದ್ರೆ ಬ್ರೆಡ್ ಜಾಮ್. ರಾತ್ರಿ ಅನ್ನ, ತಿಳಿಸಾರು, ಹಪ್ಪಳ. ಸೊಪ್ಪು ಇಡೀ ವಾರಕ್ಕೆ ಒಂದೇ ದಿನ. ಕಾಳು ಒಂದು ದಿನವೂ ಇಲ್ಲ. ಅದನ್ನು ಓದಿ ನನಗೆ ಅಳು ಬಂತು. ದಿನಾ ಐದು ಗಂಟೆಗೆ ಎದ್ದು ಅಡುಗೆ ಮಾಡ್ತೀನಿ, ಆದರೂ ಹೀಗೆ.

ಸಂಜೆಯದು ಇನ್ನೊಂದು ಕಥೆ. ನಾಲ್ಕೂವರೆಗೆ ಮಕ್ಕಳು ಸ್ಕೂಲಿಂದ ಬಂದಾಗ ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಮಂಡಿ ನೋವು, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲೋಕೆ ಆಗಲ್ಲ. ಹಾಗಾಗಿ ಕೆಳಗಿನ ಬೇಕರಿಯ ಪಫ್ಸ್ ಅಥವಾ ಬಿಸ್ಕತ್ತು, ಜೊತೆಗೆ ಟೀ. ಮಗಳೂ ಟೀ ಕುಡಿಯುತ್ತಾಳೆ. ಅತ್ತೆಗೆ ಶುಗರ್ ಇದೆ. ರಾಗಿ ಶುಗರ್‌ಗೆ ಒಳ್ಳೇದು ಅಂತ ದೊಡ್ಡ ಮುದ್ದೆ ತಿಂತಾರೆ, ಆದರೂ ಶುಗರ್ ಇಳಿದಿಲ್ಲ.

ನಾವು ಮೊಟ್ಟೆ, ಮಾಂಸ ತಿನ್ನಲ್ಲ. ಒಂದು ವಾರ ಮಗಳಿಗೆ ಬೇರೆ, ಅತ್ತೆಗೆ ಬೇರೆ, ನಮಗೆ ಬೇರೆ ಅಡುಗೆ ಮಾಡಿ ನೋಡಿದೆ. ಸಾಕಾಗಿ ಹೋಯ್ತು. ಭಾನುವಾರ ತಂದ ಸೊಪ್ಪು ಬುಧವಾರಕ್ಕೆ ಕೊಳೆತಿರುತ್ತೆ. ಕೆಲಸಕ್ಕೆ ಹೋಗುತ್ತಾ ಇದನ್ನೆಲ್ಲ ನಿಭಾಯಿಸಿದವರು ಹೇಗೆ ಮಾಡಿದಿರಿ ಅಂತ ದಯವಿಟ್ಟು ಹೇಳಿ.

ಉತ್ತರ: ಹಾಸನದವಳು

ಮೂರು ಅಡುಗೆ ಬಿಟ್ಟುಬಿಡಿ. ಅಡುಗೆ ಒಂದೇ ಇರಲಿ, ಬಡಿಸುವ ಅಳತೆ ಬೇರೆ ಇರಲಿ. ನಮ್ಮ ಮನೆಯಲ್ಲೂ ಅತ್ತೆಗೆ ಶುಗರ್, ದೊಡ್ಡ ಮಗಳಿಗೆ ರಕ್ತ ಕಡಿಮೆ, ನಾನು ಟೀಚರ್ ಕೆಲಸಕ್ಕೆ ಬಸ್ ಹತ್ತಬೇಕು. ಈಗ ಮಕ್ಕಳೆಲ್ಲ ದೊಡ್ಡವರಾಗಿದ್ದಾರೆ. ನನಗೆ ಕೈ ಹಿಡಿದದ್ದನ್ನು ಹೇಳ್ತೀನಿ.

ವಾರದ ಪಟ್ಟಿ ಬರೆದು ಗೋಡೆಗೆ ಅಂಟಿಸೋದು ನನ್ನ ಹತ್ತಿರ ನಡೆಯಲಿಲ್ಲ. ಸೋಮವಾರ ನೆಂಟರು ಬಂದರೆ ಪಟ್ಟಿ ಅಲ್ಲಿಗೇ ಮುಗೀತು. ನಡೆದದ್ದು ಒಂದೇ ಅಭ್ಯಾಸ. ರಾತ್ರಿ ಪಾತ್ರೆ ತೊಳೆದು ಅಡುಗೆಮನೆ ಲೈಟ್ ಆರಿಸುವ ಮುಂಚೆ ಒಂದು ಪಾವು ಕಾಳು ನೆನೆಹಾಕುವುದು. ಯಾವ ಕಾಳು ಅಂತ ಜಾಸ್ತಿ ಯೋಚಿಸಬೇಡಿ. ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆಕಾಳು, ಡಬ್ಬಿಗಳನ್ನು ಸಾಲಾಗಿ ಇಟ್ಟು ದಿನಕ್ಕೊಂದು ತೆಗೆಯಿರಿ. ಬೆಳಿಗ್ಗೆ ಎದ್ದಾಗ ಪಾತ್ರೆಯಲ್ಲಿ ಕಾಳು ಉಬ್ಬಿ ಕೂತಿದ್ದರೆ ಏನು ಮಾಡಲಿ ಅನ್ನೋ ಪ್ರಶ್ನೆಯೇ ಬರಲ್ಲ. ನೆನೆದ ಕಾಳನ್ನು ಬೇಯಿಸಲೇಬೇಕಲ್ಲ, ಅದೇ ನಿಮ್ಮನ್ನು ಕೆಲಸಕ್ಕೆ ಹಚ್ಚುತ್ತೆ. ಮೊಟ್ಟೆ, ಮಾಂಸ ಇಲ್ಲದ ಮನೆಗೆ ಕಾಳು ಬಿಟ್ಟರೆ ಗತಿಯಿಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತೆ, ಕಬ್ಬಿಣವೂ ರಾಗಿಗಿಂತ ಜಾಸ್ತಿ.

ಇನ್ನು ಒಂದೇ ಅಡುಗೆ ಅಂದೆನಲ್ಲ, ಅದಕ್ಕೆ ನಮ್ಮ ಕಡೆಯ ಬಸ್ಸಾರು ಇದೆ. ವಾರಕ್ಕೆ ಎರಡು ಸಲ ಮಾಡಿ. ನೆನೆದ ಕಾಳನ್ನು ಉಪ್ಪು ಹಾಕಿ ಬೇಯಿಸಿ, ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪೋ ಸಬ್ಬಸಿಗೆಯೋ ಹಾಕಿ. ಬೆಂದದ್ದನ್ನು ಬಸಿದು ಕಟ್ಟು ಬೇರೆ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಹುರಿದು, ಕಾಯಿ, ಸಾರಿನ ಪುಡಿ, ಬೆಂದ ಕಾಳುಸೊಪ್ಪು ಒಂದು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಅದನ್ನು ಕಟ್ಟಿಗೆ ಹಾಕಿ, ಹುಣಸೆಹಣ್ಣು ಕಿವುಚಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ, ಮೇಲೆ ತೆಂಗಿನ ತುರಿ, ಪಲ್ಯ. ಒಂದು ಸಲ ಬೇಯಿಸಿದ್ದಕ್ಕೆ ಎರಡು ಅಡುಗೆ, ನೀರು ಚೆಲ್ಲೋ ಹಾಗೂ ಇಲ್ಲ.

ಈಗ ಬಡಿಸೋದು. ಅತ್ತೆ ತಟ್ಟೆಗೆ ಮೊದಲು ಪಲ್ಯ ಹಾಕಿ, ಅರ್ಧ ತಟ್ಟೆ ತುಂಬಲಿ. ಆಮೇಲೆ ಮುದ್ದೆ, ಕಿತ್ತಳೆ ಹಣ್ಣಿನಷ್ಟು. ರಾಗಿ ಒಳ್ಳೇದು ನಿಜ, ಆದರೆ ಅದರಲ್ಲೂ ಪಿಷ್ಟವೇ ಜಾಸ್ತಿ. ದೊಡ್ಡ ಮುದ್ದೆ ತಿಂದರೆ ಶುಗರ್ ಏರೇ ಏರುತ್ತೆ. ಅವರು ಮಾತ್ರೆ ತಗೊಳ್ತಾ ಇದ್ದರೆ ಊಟದ ಅಳತೆ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿಯಬಾರದು. ಮಗಳಿಗೆ ಅನ್ನದ ಜೊತೆ ಅದೇ ಪಲ್ಯ ಕಲಸಿ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ. ಈ ನಿಂಬೆಹಣ್ಣನ್ನು ಮರೀಬೇಡಿ. ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತೋದು ಕಷ್ಟ, ಹುಳಿ ಹಣ್ಣಿನ ಸಿ ವಿಟಮಿನ್ ಸೇರಿದರೆ ಚೆನ್ನಾಗಿ ಹತ್ತುತ್ತೆ. ಸೀಬೆಹಣ್ಣು ಸಿಗೋ ಕಾಲದಲ್ಲಿ ಊಟದ ಜೊತೆ ಎರಡು ಹೋಳು ಕೊಡಿ, ಕಿತ್ತಳೆಗಿಂತ ಅದರಲ್ಲಿ ಸಿ ವಿಟಮಿನ್ ಎಷ್ಟೋ ಜಾಸ್ತಿ.

ಮಗಳ ಟೀ ಇವತ್ತೇ ನಿಲ್ಲಿಸಿ. ಟೀಯ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತೆ. ನೀವು ಎಷ್ಟು ಸೊಪ್ಪು ತಿನ್ನಿಸಿದರೂ ಹಿಂದೆಯೇ ಟೀ ಕುಡಿದರೆ ಅರ್ಧ ಶ್ರಮ ನೀರುಪಾಲು. ಟಾನಿಕ್ಕನ್ನು ಹಾಲಿನ ಜೊತೆ ಕೊಡಬೇಡಿ. ಜಂತುಹುಳದ ಮಾತ್ರೆ ಯಾವಾಗ ಕೊಟ್ಟಿದ್ದೀರಿ ನೋಡಿಕೊಳ್ಳಿ. ನಮ್ಮ ಮಗಳಿಗೆ ತೊಂದರೆ ಇದ್ದದ್ದೇ ಅಲ್ಲಿ. ಆರು ತಿಂಗಳು ಬೀಟ್‌ರೂಟ್ ತಿನ್ನಿಸಿದೆ, ಹುಳ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಸೊಪ್ಪು ಕೊಳೆಯೋದು ತೊಳೆದು ಇಡುವುದರಿಂದ. ಭಾನುವಾರ ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ, ತೊಳೆಯದೆ ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಡ್ರಾಯರ್‌ನಲ್ಲಿಡಿ. ಮೆಂತ್ಯ, ಪಾಲಕ್ ಮೊದಲ ಎರಡು ದಿನ ಖರ್ಚು ಮಾಡಿ, ದಂಟು, ನುಗ್ಗೆ ಆಮೇಲೆ. ಬಿಡಿಸುವ ಕೆಲಸ ಅತ್ತೆಗೆ ಕೊಡಿ. ಕೂತಲ್ಲೇ ಮಾಡಬಹುದು, ಟಿವಿ ನೋಡುತ್ತಾ ಎರಡು ಕಟ್ಟು ಬಿಡಿಸ್ತಾರೆ. ನಮ್ಮತ್ತೆ ಮೊರದಲ್ಲಿ ಸೊಪ್ಪು ಹರಡಿಕೊಂಡು ಕೂತರೆ ಮೊಮ್ಮಕ್ಕಳೂ ಹೋಗಿ ಕೂರುತ್ತಿದ್ದರು. ಎಲೆ ಬಿಡಿಸಿದ ಮಕ್ಕಳು ಆ ಸೊಪ್ಪಿನ ಪಲ್ಯ ಬೇಡ ಅನ್ನಲಿಲ್ಲ.

ಸಂಜೆಗೆ ಒಲೆ ಹಚ್ಚದ ತಿಂಡಿ ಇಟ್ಟುಹೋಗಿ. ಬೆಳಿಗ್ಗೆ ಕಾಳು ಬೇಯಿಸುವಾಗಲೇ ಎರಡು ಹಿಡಿ ಎತ್ತಿಟ್ಟು ಉಸಲಿ ಮಾಡಿ, ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿಡಿ. ಸಂಜೆ ಅತ್ತೆ ಸೌತೆಕಾಯಿ ಹೆಚ್ಚಿ ಸೇರಿಸಿ ಕೊಟ್ಟರೆ ಸಾಕು. ಇನ್ನೊಂದು ದಿನ ಬೇಯಿಸಿದ ಗೆಣಸು. ಇನ್ನೊಂದು ದಿನ ಹುರಿಗಡಲೆ, ಬೆಲ್ಲ, ಬಾಳೆಹಣ್ಣು. ಚಿಕ್ಕವನಿಗೆ ಕಡಲೆಕಾಯಿ ಬೀಜ ಕುಟ್ಟಿ ಕೊಡಿ, ಇಡೀ ಬೀಜ ಬಾಯಲ್ಲಿಟ್ಟುಕೊಂಡು ಓಡಾಡೋಕೆ ಬಿಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಉತ್ತರ: ಗದಗಿನ ಸೊಸೆ

ಹಾಸನದ ಅಕ್ಕಾವ್ರು ಎಲ್ಲಾ ಹೇಳಿದ್ದಾರೆ. ನಮ್ಮ ಕಡೆಯದು ಎರಡು ಮಾತು ಸೇರಿಸ್ತೀನಿ. ಜೋಳದ ರೊಟ್ಟಿ ಬಡಿಯೋಕೆ ಬರದಿದ್ದರೆ ಕಟಕ ರೊಟ್ಟಿ, ಅಂದರೆ ಒಣಗಿದ ಗರಿಗರಿ ರೊಟ್ಟಿ, ತಂದಿಡಿ, ತಿಂಗಳು ಕೆಡೋದಿಲ್ಲ. ಮೆಂತ್ಯ ಸೊಪ್ಪನ್ನು ಹಸಿಯಾಗಿಯೇ ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ (ಈರುಳ್ಳಿ), ಗಜ್ಜರಿ (ಕ್ಯಾರೆಟ್), ಶೇಂಗಾಪುಡಿ, ನಿಂಬೆರಸ ಹಾಕಿ ಪಚಡಿ ಮಾಡಿ. ಐದು ನಿಮಿಷದ ಕೆಲಸ. ಊಟಕ್ಕೆ ಕೂರುವಾಗಲೇ ಕಲಸಬೇಕು, ಮೊದಲೇ ಕಲಸಿಟ್ಟರೆ ನೀರು ಬಿಡುತ್ತದೆ.

ಹಪ್ಪಳದ ಜಾಗಕ್ಕೆ ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಬರಲಿ, ಹಿಂಡಿ ಅಂದರೆ ಚಟ್ನಿಪುಡಿ. ಉಪ್ಪು ಕೈ ಹಿಡಿದು ಹಾಕಿ. ಸಂಜೆಗೆ ಮಕ್ಕಳಿಗೆ ಚುರಮರಿ (ಮಂಡಕ್ಕಿ) ಸೂಸಲಾ ಮಾಡಿಕೊಡಿ. ಚುರಮರಿ ನೀರಲ್ಲಿ ಅದ್ದಿ ಹಿಂಡಿ, ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ (ಹುರಿಗಡಲೆ) ಹಿಟ್ಟು ಉದುರಿಸಬೇಕು. ಪುಟಾಣಿ ಹಿಟ್ಟು ಧಾರಾಳ ಇರಲಿ, ಹೊಟ್ಟೆ ತುಂಬೋದು ಅದರಿಂದಲೇ.

ಉತ್ತರ: ಡಯಟ್ ವಿಭಾಗದಲ್ಲಿದ್ದೇನೆ

ಆಸ್ಪತ್ರೆಯಲ್ಲಿ ದಿನಾ ಇಂಥ ಮನೆಯವರನ್ನೇ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಹೊಸ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ದೊಡ್ಡವರಿಗೆ ಸೊಪ್ಪು ತರಕಾರಿ ಸುಮಾರು 400 ಗ್ರಾಂ, ಅಕ್ಕಿ ರಾಗಿಯಂಥ ಧಾನ್ಯ 250 ಗ್ರಾಂ ಅಂತ ಅದರಲ್ಲಿದೆ. ತರಕಾರಿ ಧಾನ್ಯಕ್ಕಿಂತ ಜಾಸ್ತಿ, ಗಮನಿಸಿ. ನಮ್ಮ ಮನೆಗಳಲ್ಲಿ ಇದು ಪೂರ್ತಿ ತಲೆಕೆಳಗಾಗಿದೆ. ಒಂದು ದಿನ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ, ನಿಮಗೇ ಗೊತ್ತಾಗುತ್ತೆ.

ರಾಗಿ ಬಗ್ಗೆ ಅಕ್ಕ ಹೇಳಿದ್ದು ಸರಿ. ರಾಗಿಯ ದೊಡ್ಡ ಗುಣ ಸುಣ್ಣ, ಅಂದರೆ ಕ್ಯಾಲ್ಸಿಯಂ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತೆ, ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸುತ್ತಮುತ್ತ. ಬೆಳೆಯುವ ಮಗಳಿಗೆ ಇದು ಬೇಕೇ ಬೇಕು. ಆದರೆ ರಕ್ತ ಏರಿಸೋಕೆ ರಾಗಿಯೊಂದನ್ನೇ ನಂಬಬೇಡಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಹಿಟ್ಟಾದರೆ ಅದರ ಸತ್ವ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತೆ. ಟಾನಿಕ್ ಮಾತ್ರ ಡಾಕ್ಟರ್ ಹೇಳಿದಷ್ಟು ದಿನ ತಪ್ಪಿಸಬೇಡಿ. ಸೊಪ್ಪು ತಿನ್ನುತ್ತಿದ್ದಾಳಲ್ಲ ಅಂತ ಮಧ್ಯದಲ್ಲಿ ನಿಲ್ಲಿಸಿದವರನ್ನು ತುಂಬಾ ನೋಡಿದ್ದೇನೆ.

ರಾಜಾಜಿನಗರದ ಅಮ್ಮ (ಮೂರು ವಾರದ ನಂತರ)

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಕಾಳು ನೆನೆಹಾಕೋದು ಇಪ್ಪತ್ತೊಂದು ದಿನದಲ್ಲಿ ಮೂರೇ ದಿನ ತಪ್ಪಿದೆ. ಬಸ್ಸಾರು ಬುಧವಾರ, ಭಾನುವಾರ. ಯಜಮಾನರು ಭಾನುವಾರ ತಾವೇ ರುಬ್ಬಿಕೊಡ್ತಾರೆ. ಅತ್ತೆ ಸೊಪ್ಪು ಬಿಡಿಸೋ ಕೆಲಸ ಎಷ್ಟು ಖುಷಿಯಾಗಿ ತಗೊಂಡರು ಅಂದ್ರೆ, ಈಗ ಗಾಡಿಯವನ ಹತ್ತಿರ ಸೊಪ್ಪು ಆರಿಸೋದೂ ಅವರೇ. ಹೋದ ವಾರ ನನಗೆ ಹೆಸರೇ ಗೊತ್ತಿಲ್ಲದ ಬೆರಕೆ ಸೊಪ್ಪು ತಗೊಂಡು, ಒಂದೊಂದೇ ಎಲೆ ಎತ್ತಿ ಮಗಳಿಗೆ ಹೆಸರು ಹೇಳಿಕೊಡ್ತಿದ್ದರು. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು. ನಾನು ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತು ಕೇಳಿದೆ. ಡಾಕ್ಟರಿಗೆ ಹೇಳಿಯೇ ಅವರ ಮುದ್ದೆ ಚಿಕ್ಕದು ಮಾಡಿದ್ದೇವೆ. ಮೊದಲ ವಾರ ಮುನಿಸಿಕೊಂಡರು, ಈಗ ಪಲ್ಯ ಎರಡನೇ ಸಲ ಹಾಕಿಸಿಕೊಳ್ತಾರೆ.

ಮಗಳ ಟೀ ನಿಂತಿದೆ. ಜಂತುಹುಳದ ಮಾತ್ರೆ ಡಾಕ್ಟರ್‌ನ ಕೇಳಿ ಕೊಟ್ಟೆವು. ಮತ್ತೆ ರಕ್ತ ಪರೀಕ್ಷೆ ಮುಂದಿನ ತಿಂಗಳು. ಹುರುಳಿ ವಾಸನೆ ಮಾತ್ರ ಅವಳಿಗೆ ಆಗಿಬರಲಿಲ್ಲ, ಬಲವಂತ ಮಾಡಲಿಲ್ಲ. ಅಲಸಂದೆ, ಹೆಸರುಕಾಳು ತಿಂತಾಳೆ. ಮಗ ಇನ್ನೂ ಬಿಸ್ಕತ್ತು ಕೇಳ್ತಾನೆ. ಸೂಸಲಾ ಇದ್ದ ದಿನ ಕೇಳಲ್ಲ.

ಒಂದು ತೊಂದರೆ. ಈ ಸೆಕೆಗೆ ಮೊಳಕೆ ಕಾಳು ಎರಡು ಸಲ ಲೋಳೆಯಾಗಿ ಹುಳಿ ವಾಸನೆ ಬಂತು, ಎಸೆಯಬೇಕಾಯ್ತು. ಅಕ್ಕ, ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹಾಸನದವಳು

ಎಸೆದದ್ದು ಒಳ್ಳೇದೇ ಆಯ್ತು, ಅದನ್ನು ಯಾರೂ ತಿನ್ನಬಾರದು. ನೀವು ಬಟ್ಟೆ ಬಿಗಿಯಾಗಿ ಕಟ್ಟಿ ಡಬ್ಬಿಯೊಳಗೆ ಮುಚ್ಚಿಡ್ತಿದ್ದೀರಿ ಅನ್ನಿಸುತ್ತೆ. ಸೆಕೆಗಾಲದಲ್ಲಿ ಎಂಟು ಗಂಟೆ ನೆನೆದರೆ ಸಾಕು. ನೀರು ಪೂರ್ತಿ ಬಸಿದು, ಎರಡು ಸಲ ತಣ್ಣೀರಲ್ಲಿ ತೊಳೆದು, ತೂತಿನ ಬುಟ್ಟಿಗೆ ಹಾಕಿ. ಮೇಲೆ ಒದ್ದೆ ಬಟ್ಟೆ ಸಡಿಲವಾಗಿ ಹೊದಿಸಿ, ಗಾಳಿ ಆಡಬೇಕು. ಮಧ್ಯಾಹ್ನ ಅತ್ತೆ ಒಂದು ಸಲ ನೀರು ಹಾಕಿ ಜಾಲಿಸಲಿ. ಹೆಸರುಕಾಳು ಸಂಜೆಗೇ ಬಾಲ ಬಿಡುತ್ತೆ, ಜೋಳದ ಕಾಳಿನಷ್ಟು ಉದ್ದ ಬಂದ ತಕ್ಷಣ ಫ್ರಿಜ್ಜಿಗೆ ಇಡಿ. ಮಕ್ಕಳಿಗೆ, ಅತ್ತೆಗೆ ಹಸಿಯಾಗಿ ಬೇಡ, ಬೇಯಿಸಿಯೇ ಕೊಡಿ.

ಹುರುಳಿ ಬಿಡಬೇಡಿ. ಮೊಳಕೆ ಬಂದದ್ದನ್ನು ಬೇಯಿಸೋ ಮುಂಚೆ ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಸಾರಿಗೆ ಒಂದು ಗೆಡ್ಡೆ ಬೆಳ್ಳುಳ್ಳಿ ಜಾಸ್ತಿ ಹಾಕಿ. ನಮ್ಮ ಮಗಳಿಗೂ ಆ ವಾಸನೆ ಆಗುತ್ತಿರಲಿಲ್ಲ, ಬೆಳ್ಳುಳ್ಳಿ ಘಮಕ್ಕೆ ತಿಂದಳು. ರಕ್ತ ಪರೀಕ್ಷೆ ರಿಪೋರ್ಟ್ ಬಂದಾಗ ಇಲ್ಲಿ ಬರೀರಿ, ಕಾಯ್ತಿರ್ತೀನಿ.