ಸಹಾಯ ಬೇಕು: ಕೂಲ್ಡ್ ಕ್ಯಾಮೆರಾದ ಸೆನ್ಸರ್ ಮೇಲೆ ಹಿಮ ಕಟ್ತಿದೆ

ನಮಸ್ಕಾರ. ನೆಬ್ಯುಲಾ (ಆಕಾಶದಲ್ಲಿನ ಅನಿಲ, ಧೂಳಿನ ಮೋಡ) ಫೋಟೊ ತೆಗೆಯೋಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಕೂಲ್ಡ್ ಸಿಮಾಸ್ (CMOS) ಕ್ಯಾಮೆರಾ, ಅಂದ್ರೆ ಸೆನ್ಸರನ್ನ ತಣ್ಣಗೆ ಮಾಡೋ ಕೂಲರ್ ಇರೋದು, ತಗೊಂಡೆ. ನಮ್ಮದು ತೀರ್ಥಹಳ್ಳಿ ಕಡೆ. ಇಲ್ಲಿ ಹಪ್ಪಳ ಒಣಗಿಸೋದೇ ಕಷ್ಟ, ಇನ್ನು ಕ್ಯಾಮೆರಾ!

ಸೆನ್ಸರ್ 0 ಡಿಗ್ರಿಯಲ್ಲಿದ್ದಾಗ ಫೋಟೊ ಚೆನ್ನಾಗೇ ಬರುತ್ತೆ. ಮೈನಸ್ 10ಕ್ಕೆ ಇಳಿಸಿ ಅರ್ಧ ಗಂಟೆ ಆಯ್ತೋ, ನಡುವೆ ಬೆಳ್ಳಗೆ ಮಸುಕು, ಅದರ ಅಂಚಿಗೆ ಜರಿಗಿಡದ ಎಲೆ ಥರ ಗೆರೆಗಳು. ಹೊರಗಿನ ಗಾಜು ಮುಟ್ಟಿ ನೋಡಿದೆ, ಒಣಗೇ ಇದೆ. ಕೂಲರ್ ಆಫ್ ಮಾಡಿದ್ರೆ ಮಸುಕೂ ಮಾಯ. ಹಾಗಾಗಿ ತೇವ ಒಳಗೇ ಸೇರಿದೆ ಅನ್ಸುತ್ತೆ.

0 ಡಿಗ್ರಿಯಲ್ಲೇ ಕೆಲಸ ಸಾಗಿಸಬಹುದು, ನಿಜ. ಆದರೆ ಫೋಟೊದಿಂದ ಸೆನ್ಸರಿನ ನಾಯ್ಸ್ ಕಳೆಯೋಕೆ ಅಂತ ಬೆಳಕು ಬೀಳದ ಹಾಗೆ ಮುಚ್ಚಿ ತೆಗೆಯೋ 300 ಸೆಕೆಂಡಿನ ಡಾರ್ಕ್ ಫ್ರೇಮ್‌ಗಳನ್ನೆಲ್ಲ ಮೈನಸ್ 10ರಲ್ಲಿ ತೆಗೆದಿಟ್ಟಿದ್ದೀನಿ. ಉಷ್ಣಾಂಶ ಬದಲಾದ್ರೆ ಅವು ಉಪಯೋಗಕ್ಕೆ ಬರಲ್ಲ, ಎಲ್ಲ ಹೊಸದಾಗಿ ತೆಗೀಬೇಕು.

ಒಳಗಿನ, ತೇವ ಹೀರೋ ಸಿಲಿಕಾ ಜೆಲ್ ಬಿಲ್ಲೆಗಳನ್ನ ಅಡುಗೆಮನೆ ಓವನ್‌ನಲ್ಲಿ ಒಣಗಿಸಿ ಹಾಕಿದವರು ಯಾರಾದ್ರೂ ಇದ್ದೀರಾ? ಎಷ್ಟು ಡಿಗ್ರಿ, ಎಷ್ಟು ಹೊತ್ತು? ಅಥವಾ ಹೊಸದೇ ಹಾಕೋದು ವಾಸಿಯಾ? ಹೊರಗಿನ ಗಾಳಿ ಒಳಗೆ ಬರದ ಹಾಗೆ ತಡೆಯೋ ರಬ್ಬರ್ ಓ-ರಿಂಗ್ ಸಡಿಲ ಆಗಿದ್ರೆ ಕಂಡುಹಿಡಿಯೋದು ಹೇಗೆ? ಬಿಚ್ಚಿದಾಗ ಸೆನ್ಸರ್ ಮೇಲೆ ಧೂಳು ಕೂತ್ರೆ ಅನ್ನೋದೇ ದೊಡ್ಡ ಭಯ. ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ, ಬೇಕಿದ್ರೆ ಮಸುಕು ಬಂದ ಫ್ರೇಮ್ ಹಾಕ್ತೀನಿ.