ಮೂರನೇ ಗುಂಪಿನ ಬಿಳಿ ಪ್ರಕ್ಷೇಪ ಅಲ್ಯೂಮಿನಿಯಮ್ಮೇನಾ?

ಪ್ರಶ್ನೆ: ದ್ವಿತೀಯ ಪಿಯುಸಿ ಪ್ರಾಕ್ಟಿಕಲ್‌ಗೆ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಯಾವ ಅಯಾನುಗಳಿವೆ ಅಂತ ಗುಂಪು ಗುಂಪಾಗಿ ಪತ್ತೆಹಚ್ಚುವುದು) ಅಭ್ಯಾಸ ಮಾಡ್ತಿದ್ದೇನೆ. ಮೂರನೇ ಗುಂಪಿನಲ್ಲಿ (ಅಮೋನಿಯಂ ಕ್ಲೋರೈಡ್, ಅಮೋನಿಯಾ ಹಾಕುವ ಹಂತ) ಬಿಳಿ ಪ್ರಕ್ಷೇಪ, ಅಂದರೆ ದ್ರಾವಣದಿಂದ ಬೇರ್ಪಟ್ಟು ಬೀಳುವ ಘನ, ನೋಡಿ ಅಲ್ಯೂಮಿನಿಯಂ ಅಂತ ಬರೆದರೆ, ಅದು ಸತುವೋ ಮೆಗ್ನೀಸಿಯಮ್ಮೋ ಆಗಿರುತ್ತೆ. ಎಲ್ಲಿ ತಪ್ಪುತ್ತಿದೆ? ಗೊತ್ತಿರುವವರು ಹೇಳಿ.

ಉತ್ತರ 1: ಅಮೋನಿಯಂ ಕ್ಲೋರೈಡ್ ಸಾಲುತ್ತಿಲ್ಲ, ಇಲ್ಲವೇ ಅಮೋನಿಯಾ ಆದಮೇಲೆ ಹಾಕುತ್ತಿದ್ದೀರಿ. 2 ಮಿ.ಲೀ. ದ್ರಾವಣಕ್ಕೆ ಮೊದಲು ಸುಮಾರು ಅರ್ಧ ಗ್ರಾಂ ಘನ ಅಮೋನಿಯಂ ಕ್ಲೋರೈಡ್ ಹಾಕಿ ಕರಗಿಸಿ. ಆಮೇಲೆ ಅಮೋನಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡಿ. ಅಲುಗಾಡಿಸಿದ ಮೇಲೂ ಅಮೋನಿಯಾ ವಾಸನೆ ಉಳಿದರೆ ಸಾಕು. ಅಮೋನಿಯಂ ಅಯಾನು ಜಾಸ್ತಿ ಇದ್ದಾಗ ಹೈಡ್ರಾಕ್ಸೈಡ್ ಅಯಾನಿನ ಪ್ರಮಾಣ ತೀರಾ ಇಳಿಯುತ್ತದೆ. ಅಷ್ಟರಲ್ಲೇ ಕಬ್ಬಿಣ, ಅಲ್ಯೂಮಿನಿಯಂ ಕೆಳಗೆ ಕೂರುತ್ತವೆ, ಮೆಗ್ನೀಸಿಯಂ ಕೂರುವುದಿಲ್ಲ. ಸತು ಅಮೋನಿಯಾದ ಜೊತೆ ಸೇರಿ ದ್ರಾವಣದಲ್ಲೇ ಉಳಿಯುತ್ತದೆ. ನೀರಿನಲ್ಲಿ ಕರಗಿಸಿದ ಮೂಲ ದ್ರಾವಣದಿಂದಲೇ ನೇರ ಮೂರನೇ ಗುಂಪಿಗೆ ಹೋಗುವವರಿಗೆ ಈ ತೊಂದರೆ ಹೆಚ್ಚು.

ಉತ್ತರ 2: ಬಂದ ಪ್ರಕ್ಷೇಪವನ್ನು ಅನುಮಾನದಿಂದಲೇ ನೋಡಿ. ತೊಳೆದು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ. ಕರಗದಿದ್ದರೆ ಮೆಗ್ನೀಸಿಯಂ ಇರಬಹುದು. ಕರಗಿದರೆ ಘನ ಅಮೋನಿಯಂ ಕ್ಲೋರೈಡ್ ಹಾಕಿ ಕುದಿಸಿ: ಲೋಳೆಯಂಥ ಬಿಳಿ ಪ್ರಕ್ಷೇಪ ಮರಳಿದರೆ ಅಲ್ಯೂಮಿನಿಯಂ, ಮರಳದಿದ್ದರೆ ಸತು. ಖಚಿತಪಡಿಸಲು ಬೂದಿ ಪರೀಕ್ಷೆ ನನಗೆ ಇಷ್ಟ. ಫಿಲ್ಟರ್ ಪೇಪರ್ ಚೂರನ್ನು ದ್ರಾವಣದಲ್ಲಿ ಅದ್ದಿ, ಕೋಬಾಲ್ಟ್ ನೈಟ್ರೇಟ್ ಒಂದೇ ಹನಿ ಬಿಟ್ಟು ಸುಡಿ. ನೀಲಿ ಬೂದಿ ಅಲ್ಯೂಮಿನಿಯಮ್ಮಿನದು, ಹಸಿರು ಸತುವಿನದು. ಎರಡು ಮೂರು ಹನಿ ಬಿದ್ದರೆ ಕೋಬಾಲ್ಟ್ ಆಕ್ಸೈಡಿನ ಕಪ್ಪು ಎಲ್ಲವನ್ನೂ ನುಂಗುತ್ತದೆ.

ಉತ್ತರ 3: ಆಮ್ಲೀಯ ರಾಡಿಕಲ್ (ಲವಣದ ಋಣ ಅಯಾನು) ಫಾಸ್ಫೇಟ್ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಕ್ಯಾಲ್ಸಿಯಂ, ಬೇರಿಯಂ, ಮೆಗ್ನೀಸಿಯಂ ಮೂರೂ ಅಮೋನಿಯಾ ತಗುಲಿದ ಕೂಡಲೇ ಫಾಸ್ಫೇಟ್ ಆಗಿ ಇಲ್ಲೇ ಬೀಳುತ್ತವೆ. ಎಷ್ಟು ಅಮೋನಿಯಂ ಕ್ಲೋರೈಡ್ ಹಾಕಿದರೂ ತಡೆಯಲಾಗದು. ನೈಟ್ರಿಕ್ ಆಮ್ಲ, ಅಮೋನಿಯಂ ಮಾಲಿಬ್ಡೇಟ್ ಹಾಕಿ ಬೆಚ್ಚಗೆ ಮಾಡಿದಾಗ ಹಳದಿ ಬಂದರೆ ಫಾಸ್ಫೇಟ್ ಖಚಿತ.

ಉತ್ತರ 4: ಬಾಟಲಿಯನ್ನೂ ಪರೀಕ್ಷಿಸಿ. ಹಳೆಯ ಅಮೋನಿಯಾ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗಿರುತ್ತದೆ. ಆಗ ಐದನೇ ಗುಂಪಿನ ಬೇರಿಯಂ, ಕ್ಯಾಲ್ಸಿಯಂ ಮೂರರಲ್ಲೇ ಬಿಳಿಯಾಗಿ ಕಾಣಿಸಿಕೊಳ್ಳುತ್ತವೆ. ಬೋರ್‌ವೆಲ್ ನೀರಿನಲ್ಲಿ ದ್ರಾವಣ ಮಾಡಿದರೂ ಅದರ ಕ್ಯಾಲ್ಸಿಯಂ, ಕ್ಲೋರೈಡ್ ದಾರಿ ತಪ್ಪಿಸುತ್ತವೆ. ಡಿಸ್ಟಿಲ್ಡ್ ನೀರಿಗೆ ಅದೇ ರೀಏಜೆಂಟ್‌ಗಳನ್ನು ಹಾಕಿ ಒಂದು ಖಾಲಿ ಪ್ರಯೋಗ ಮಾಡಿ. ಅದರಲ್ಲೂ ಬಿಳಿ ಬಂದರೆ ತಪ್ಪು ಬಾಟಲಿಯದು.

ಪ್ರಶ್ನೆ ಕೇಳಿದವರು: ಧನ್ಯವಾದ. ಕಬ್ಬಿಣಕ್ಕೂ ಇದೇ ಕ್ರಮಾನಾ?

ಉತ್ತರ 1: ಹೌದು, ಆದರೆ ಮೊದಲು ಎರಡನೇ ಗುಂಪಿನಲ್ಲಿ ಹಾಯಿಸಿದ ಹೈಡ್ರೋಜನ್ ಸಲ್ಫೈಡ್ ಪೂರ್ತಿ ಹೋಗುವವರೆಗೆ ಕುದಿಸಿ. ಆವಿಗೆ ಹಿಡಿದ ಲೆಡ್ ಅಸಿಟೇಟ್ ಕಾಗದ ಕಪ್ಪಾಗಬಾರದು. ಆಮೇಲೆ ಸಾಂದ್ರ ನೈಟ್ರಿಕ್ ಆಮ್ಲ 2-3 ಹನಿ ಹಾಕಿ ಮತ್ತೆ ಕುದಿಸಿ. ಫೆರಸ್ (Fe²⁺) ಕಬ್ಬಿಣ ಫೆರಿಕ್ (Fe³⁺) ಆಗದಿದ್ದರೆ ಕೊಳಕು ಹಸಿರು ಬಣ್ಣದಲ್ಲಿ ಅರ್ಧಂಬರ್ಧ ಬೀಳುತ್ತದೆ, ಉಳಿದದ್ದು ನಾಲ್ಕನೇ ಗುಂಪಿನಲ್ಲಿ ಕಪ್ಪು ಸಲ್ಫೈಡ್ ಆಗಿ ಬಂದು ನಿಕಲ್ ಅಂದುಕೊಳ್ಳುವಂತೆ ಮಾಡುತ್ತದೆ.